ನೀಲಿ ಟೇಪಿನ ಕೋಲು

"ಆ ಮಾಸ್ಕ್ ತೆಗೆದು ಒಂದ್ಸಲ ಮುಖ ತೋರಿಸಿದ್ರೆ ನಿನ್ನ ಗಂಟೇನು ಹೋಗತ್ತೆ?"

ಬೇಲಿಯಾಚೆಯ ದನಿ ಯಾರದೆಂದು ವೆಲ್ಡರ್ ಹುಡುಗಿಗೆ ತಿರುಗಿ ನೋಡದೆಯೇ ತಿಳಿಯಿತು. ಅವಳು ಮಾಸ್ಕ್ ತೆಗೆಯಲಿಲ್ಲ. ಮುಂದಿದ್ದ ಕಬ್ಬಿಣದ ಕ್ಲ್ಯಾಂಪಿಗೆ ಇನ್ನೆರಡು ಕಿಡಿ ಹಾರಿಸಿದಳು.

"ಸ್ಪರ್ಧಿಗಳು ಬೇಲಿ ಹತ್ರ ಬರೋ ಹಾಗಿಲ್ಲ."

"ಬೇಲಿ ಹತ್ರ ಯಾರು ಬಂದ್ರು? ನಾನು ನಿನ್ನ ಹತ್ರ ಬಂದಿದೀನಿ."

ಮಾಸ್ಕಿನೊಳಗೆ ತುಟಿ ತಾನಾಗಿಯೇ ಅರಳಿತು. ಅವನಿಗೆ ಕಾಣದಿದ್ದದ್ದು ಒಳ್ಳೆಯದೇ ಆಯಿತು.

ಅವನನ್ನು ಎಲ್ಲರೂ ಬಾವಲಿ ಎಂದು ಕರೆಯುತ್ತಿದ್ದರು, ಸದಾ ಎಲ್ಲಿಯಾದರೂ ನೇತಾಡಿಕೊಂಡೇ ಇರುತ್ತಿದ್ದನಲ್ಲ, ಅದಕ್ಕೆ. ಟಿವಿಯಲ್ಲಿ ಬರುವ ಆ ಅಡೆತಡೆ ಓಟದ ಸ್ಪರ್ಧೆಯಲ್ಲಿ ಎರಡು ವರ್ಷ ಅವನು ಟೆಸ್ಟರ್ ಆಗಿದ್ದ. ಸ್ಪರ್ಧಿಗಳಿಗಿಂತ ಮೊದಲು ಪ್ರತಿಯೊಂದು ಅಡೆತಡೆಯನ್ನೂ ದಾಟಿ, ಅದು ಮನುಷ್ಯಮಾತ್ರರಿಗೆ ಸಾಧ್ಯವೋ ಇಲ್ಲವೋ ಎಂದು ಹೇಳುವುದು ಅವನ ಕೆಲಸ. ಅವಳು ಕಟ್ಟುವವಳು, ಅವನು ನೇತಾಡುವವನು. "ಇಲ್ಲಿ ಕೈ ಜಾರ್ತಿದೆ ಕಣೇ" ಎಂದು ಅವನು ಮೇಲಿನಿಂದ ಕೂಗಿದರೆ ಇವಳು ಏಣಿ ಹತ್ತುವಳು. ಹೀಗೇ ಹತ್ತಿ ಇಳಿದು ಎರಡು ವರ್ಷದಲ್ಲಿ ಇಬ್ಬರ ಮನಸ್ಸೂ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗಿತ್ತು. ಬಾಯಿ ಬಿಟ್ಟು ಹೇಳಿದವರು ಮಾತ್ರ ಯಾರೂ ಇಲ್ಲ.

ನಾಲ್ಕು ತಿಂಗಳ ಹಿಂದೆ ಅವನು ಆ ಕೆಲಸ ಬಿಟ್ಟ. ಭುಜದ ಸವೆತ ನೋಡಿ ಡಾಕ್ಟರು, ಹೆಚ್ಚೆಂದರೆ ಇನ್ನೊಂದು ವರ್ಷ ಎಂದಿದ್ದರು. ಆ ಒಂದು ವರ್ಷವನ್ನು ಬೇರೆಯವರಿಗಾಗಿ ಪರೀಕ್ಷೆ ಮಾಡುತ್ತ ಕಳೆಯಲು ಅವನಿಗೆ ಇಷ್ಟವಿರಲಿಲ್ಲ. ತಾನೇ ಸ್ಪರ್ಧಿಯಾಗಿ ಹೆಸರು ಕೊಟ್ಟ. ಸ್ಪರ್ಧಿಗಳ ಜೊತೆ ಕೋರ್ಸ್ ಕಟ್ಟುವವರು ಮಾತಾಡಬಾರದೆಂಬ ನಿಯಮವಿತ್ತು. ಅವಳು ಅಂದಿನಿಂದಲೇ ಮಾತು ಬಿಟ್ಟಳು. ಫೋನ್ ಎತ್ತಲಿಲ್ಲ. ಅವನ ಗೆಲುವಿನತ್ತ ನಾಳೆ ಯಾರೂ ಬೊಟ್ಟು ಮಾಡಬಾರದು ಎಂಬುದಷ್ಟೇ ಅವಳ ಆಸೆ. ಅದನ್ನಾದರೂ ಹೇಳಬಹುದಿತ್ತು, ಹೇಳಲಿಲ್ಲ.

"ಆಯ್ತು ಬಿಡು," ಎಂದ ಬಾವಲಿ. ದನಿಯಲ್ಲಿ ತಮಾಷೆ ಇಳಿದುಹೋಗಿತ್ತು. "ನಾನೇ ಏನೇನೋ ಅಂದ್ಕೊಂಡಿದ್ದೆ. ತಪ್ಪು ನಂದೇ."

ಅವನ ಬೂಟಿನ ಸದ್ದು ದೂರವಾದ ಮೇಲೆ ಅವಳು ಮಾಸ್ಕ್ ತೆಗೆದು ತೋಳಿನಲ್ಲಿ ಕಣ್ಣೊರೆಸಿಕೊಂಡಳು.

ಅವಳು ಬೆಸೆಯುತ್ತಿದ್ದ ಕ್ಲ್ಯಾಂಪು 'ಅತ್ತೆ'ಯದು. ಟಿವಿಯವರು ಅದಕ್ಕೆ ಏನೋ ಚಂದದ ಹೆಸರಿಟ್ಟಿದ್ದರು. ಆದರೆ ಎಷ್ಟು ಚೆನ್ನಾಗಿ ನಡೆದುಕೊಂಡರೂ ಯಾರನ್ನೂ ಒಪ್ಪಿಕೊಳ್ಳದ ಅಡೆತಡೆಗೆ ಕೆಲಸದವರು ಅತ್ತೆ ಎಂದೇ ಕರೆಯುತ್ತಿದ್ದರು. ನೀರಿನ ತೊಟ್ಟಿಯ ಮೇಲೆ ಅಡ್ಡಡ್ಡ ಐದು ಪೈಪು, ಒಂದರಿಂದ ಒಂದಕ್ಕೆ ಕೈಯಲ್ಲೇ ದಾಟಿ ಕೊನೆಗೆ ಗಂಟೆ ಬಾರಿಸಬೇಕು. ನಿನ್ನೆ ಹೊಸ ಟೆಸ್ಟರ್ ದಾಟುವಾಗ ನಾಲ್ಕನೇ ಪೈಪು ಕಿರುಗುಟ್ಟಿತ್ತು. ಈಗ ಅದನ್ನು ಬಿಚ್ಚಿ, ಹೊಸ ಕ್ಲ್ಯಾಂಪು ಹಾಕಿ ಕೂರಿಸಬೇಕಿತ್ತು. ಅಷ್ಟು ಎತ್ತರದಲ್ಲಿ ಒಂಟಿ ಕೈಯಲ್ಲಿ ಟೇಪು ಹಿಡಿದು ಅಳೆಯಲಾಗದು, ಆದ್ದರಿಂದ ಅಂತರಕ್ಕೆ ಸರಿಯಾಗಿ ಕತ್ತರಿಸಿದ ಕೋಲನ್ನು ಎರಡು ಪೈಪುಗಳ ನಡುವೆ ಇಟ್ಟು ನಟ್ಟು ಬಿಗಿಯುವುದು ಅವಳ ಪದ್ಧತಿ. ಶೆಡ್ಡಿಗೆ ಹೋದಳು, ಮೂಲೆಗೆ ಕೈ ಹಾಕಿದಳು, ಕೋಲು ಎತ್ತಿಕೊಂಡಳು, ಹತ್ತಿ ಬಿಗಿದು ಇಳಿದಳು. ತಲೆಯೊಳಗೆ ಅವನ ಮಾತೇ ಸುತ್ತುತ್ತಿತ್ತು.

ಹತ್ತು ಗಂಟೆಗೆ ಶೂಟಿಂಗ್ ಶುರುವಾಯಿತು. ಮೊದಲನೆಯವನು ನಾಲ್ಕನೇ ಪೈಪಿಗೆ ಕೈ ಚಾಚಿ ನೀರಿಗೆ ಬಿದ್ದ. ಎರಡನೆಯವನೂ ಬಿದ್ದ. ಮೂರನೆಯವನೂ.

"ಅತ್ತೆ ಇವತ್ತು ಒಳ್ಳೆ ಫಾರ್ಮಲ್ಲಿದಾಳೆ," ಎಂದು ಡೈರೆಕ್ಟರ್ ಕೈ ಉಜ್ಜಿಕೊಂಡರು. ಸ್ಪರ್ಧಿಗಳು ಬಿದ್ದಷ್ಟೂ ಟಿವಿ ನೋಡುವವರು ಹೆಚ್ಚು.

ಏಳನೆಯವಳು ಹೋದ ವರ್ಷ ಎರಡನೇ ಸ್ಥಾನ ಪಡೆದ ಈಜುಗಾತಿ. ಅವಳ ಕೈಗೂ ನಾಲ್ಕೇ ಬೆರಳಿನಷ್ಟು ಅಳತೆ ಸಾಲಲಿಲ್ಲ. ತೊಟ್ಟಿಯ ಅಂಚಿನಲ್ಲಿ ಟವೆಲ್ ಹೊದ್ದು ಕೂತು, ಸದ್ದಿಲ್ಲದೆ ಅಳತೊಡಗಿದಳು. ಎಲ್ಲರಿಗೂ ಅದೇ ನಾಲ್ಕು ಬೆರಳು ಯಾಕೆ ಸಾಲುತ್ತಿಲ್ಲ ಎಂದು ವೆಲ್ಡರ್ ಹುಡುಗಿ ನಾಲ್ಕನೇ ಪೈಪನ್ನೇ ದಿಟ್ಟಿಸಿದಳು.

ಕೊನೆಗೆ ಬಾವಲಿಯ ಸರದಿ. ಮೂರನೇ ಪೈಪಿನಲ್ಲಿ ಬಲಗೈಯಲ್ಲಿ ಜೋತು, ಅವನು ಎಡಗೈ ಚಾಚಿದ. ತೂಗಲಿಲ್ಲ, ಜಿಗಿಯಲಿಲ್ಲ. ಕತ್ತಲಲ್ಲೂ ನಮ್ಮ ಮನೆಯ ಚಿಲಕಕ್ಕೆ ಕೈ ಹೋಗುತ್ತದಲ್ಲ, ಹಾಗೆ ಆ ಕೈ ನಾಲ್ಕನೇ ಪೈಪನ್ನು ಹಿಡಿಯಿತು. ಗಂಟೆ ಬಾರಿಸಿದ. ಜನ ಎದ್ದು ನಿಂತರು. ಅವನ ಕಣ್ಣು ಜನರನ್ನೆಲ್ಲ ದಾಟಿ ಅವಳನ್ನೇ ಹುಡುಕಿತು.

ಅವಳು ಅಲ್ಲಿರಲಿಲ್ಲ. ಶೆಡ್ಡಿಗೆ ಓಡಿದ್ದಳು.

ಅತ್ತೆಗೆಂದು ಕತ್ತರಿಸಿದ ಕೆಂಪು ಟೇಪಿನ ಕೋಲು ಗೋಡೆಗೆ ಒರಗಿ, ಮುಟ್ಟಿದವರಿಲ್ಲದೆ ನಿಂತಿತ್ತು. ಬೆಳಿಗ್ಗೆ ಅವಳು ಒಯ್ದು ತಂದಿದ್ದು ನೀಲಿ ಟೇಪಿನದು. ಎರಡು ವರ್ಷದ ಹಿಂದೆ ಬಾವಲಿ ಒಂದು ಕೈಯಲ್ಲಿ ಜೋತು ಇನ್ನೊಂದು ಕೈ ಚಾಚಿದಾಗ, ಆ ಕೈಯಿಂದ ಈ ಕೈಯವರೆಗೆ ಅಳೆದು ಅವಳೇ ಕತ್ತರಿಸಿದ ಕೋಲು ಅದು. ಕೆಂಪಿನದಕ್ಕಿಂತ ನಾಲ್ಕು ಬೆರಳು ಉದ್ದ.

ಹಿಂದಿನಿಂದ ಬಂದ ಮೇಸ್ತ್ರಿ ಎರಡೂ ಕೋಲು ನೋಡಿದರು. ತಲೆ ನರೆತ ಮನುಷ್ಯ, ಬಿಡಿಸಿ ಹೇಳಬೇಕಾಗಲಿಲ್ಲ.

"ನಾನೇನೂ ನೋಡಿಲ್ಲಮ್ಮ," ಎಂದರು. "ನೀನೂ ನೋಡಿಲ್ಲ. ಅವನು ಫೈನಲ್‌ಗೆ ಹೋಗ್ಲಿ."

"ಅಲ್ಲಿ ಒಬ್ಳು ಅಳ್ತಾ ಕೂತಿದಾಳೆ ಮೇಸ್ತ್ರಿ."

"ಅವನ ಭುಜ ನೋಡಿದ್ಯಾ? ಆಗ್ಲೇ ಐಸ್ ಕಟ್ಕೊಂಡಿದಾನೆ. ಇನ್ನೊಂದ್ಸಲ ಹತ್ತಿಸಿದ್ರೆ ಅಲ್ಲಿಗೆ ಅವನ ಕಥೆ ಮುಗೀತು. ನಿನ್ನ ಬಾಯಿಂದ್ಲೇ ಮುಗೀಬೇಕಾ?"

ಅವಳು ನೀಲಿ ಕೋಲನ್ನು ಕೈಗೆತ್ತಿಕೊಂಡಳು. ಅವನು ಗೆಲ್ಲಲಿ ಎಂದು ನಾಲ್ಕು ತಿಂಗಳು ಉಸಿರು ಬಿಗಿಹಿಡಿದು ಬದುಕಿದ್ದಳು. ಈಗ ಆ ಗೆಲುವು ಅವಳ ಕೈಯಲ್ಲೇ ಇತ್ತು, ಸುಮ್ಮನಿದ್ದರೆ ಸಾಕಿತ್ತು. ಅವಳು ಕೋಲು ಹಿಡಿದುಕೊಂಡು ಹೊರಗೆ ನಡೆದಳು.

ಕೋಲು ಬದಲಾದದ್ದನ್ನು ಅವಳ ಬಾಯಿಂದ ಕೇಳಿ ಡೈರೆಕ್ಟರ್ ಮುಖ ಕಪ್ಪಿಟ್ಟಿತು. ಸ್ಪರ್ಧಿಗಳೆಲ್ಲ ಸುತ್ತ ಸೇರಿದರು. ಭುಜದ ಮೇಲೆ ಐಸ್ ಒತ್ತಿಕೊಂಡು ಬಾವಲಿಯೂ ಬಂದ. ಆ ಕೋಲು ಕಂಡದ್ದೇ ಅವನ ನಗು ಆರಿತು.

"ನನ್ನ ಕೈಲಾಗಲ್ಲ ಅಂದ್ಕೊಂಡ್ಯಾ?" ಎಂದ ಮೆಲ್ಲಗೆ. "ಅದಕ್ಕೆ ನನ್ನ ಅಳತೆಗೇ ಹೊಲಿದುಕೊಟ್ಯಾ?"

"ಇಲ್ಲ. ಕೋಲು ತಪ್ಪಿ ಕೈಗೆ ಬಂತು."

"ಕಥೆ ಬೇಡ," ಎಂದರು ಡೈರೆಕ್ಟರ್. "ಇವನು ಕೆಲಸ ಬಿಟ್ಟು ನಾಲ್ಕು ತಿಂಗಳಾಯ್ತು. ಇವನ ಅಳತೆ ಕೋಲು ನಿನ್ನ ಶೆಡ್ಡಲ್ಲಿ ಯಾಕಿತ್ತು?"

ಅವಳು ನೆಲ ನೋಡಿದಳು. ಇಷ್ಟು ಜನರ ಮುಂದೆ ಹೇಳುವ ಮಾತಲ್ಲ ಅದು. ಒಬ್ಬನಿಗೇ ಹೇಳಬೇಕಾಗಿದ್ದಾಗ ಹೇಳದೆ ಇದ್ದದ್ದಕ್ಕೆ ಇದೇ ಶಿಕ್ಷೆ ಎಂದುಕೊಂಡಳು.

"ಎಸೆಯೋಕೆ ಮನಸ್ಸು ಬರ್ಲಿಲ್ಲ ಸರ್. ದಿನಾ ಬೆಳಿಗ್ಗೆ ಬಂದು ಅದನ್ನೊಮ್ಮೆ ಮುಟ್ಟಿ ಆಮೇಲೆ ಕೆಲಸ ಶುರು ಮಾಡ್ತಿದ್ದೆ. ಇವತ್ತು ಮನಸ್ಸು ಸರಿ ಇರ್ಲಿಲ್ಲ. ಮುಟ್ಟಿದ ಕೈ ಅದನ್ನೇ ಎತ್ಕೊಂಡು ಬಂತು."

ಈಜುಗಾತಿ ಟವೆಲ್ಲಿನೊಳಗಿಂದ ಒಮ್ಮೆ ಇವಳನ್ನೂ ಒಮ್ಮೆ ಅವನನ್ನೂ ನೋಡಿದಳು. ಬಾವಲಿಯ ಕೈಯಿಂದ ಐಸ್ ಚೀಲ ಜಾರಿ ಕೆಳಗೆ ಬಿತ್ತು, ಅವನು ಎತ್ತಿಕೊಳ್ಳಲಿಲ್ಲ.

ಮಧ್ಯಾಹ್ನ ಮೇಸ್ತ್ರಿ ಕೆಂಪು ಕೋಲಿಟ್ಟು ಪೈಪು ಕೂರಿಸಿದರು. ಎಲ್ಲರೂ ಮತ್ತೆ ಓಡಿದರು. ಈಜುಗಾತಿ ದಾಟಿದಳು, ಇನ್ನಿಬ್ಬರು ದಾಟಿದರು. ಬೇಡವೆಂದರೂ ಕೇಳದೆ ಬಾವಲಿಯೂ ಹತ್ತಿದ. ಎರಡನೇ ಪೈಪಿನಲ್ಲೇ ಬಲಗೈ ತಾನಾಗಿ ಬಿಟ್ಟುಬಂತು. ಬೇಲಿಯಾಚೆ ನಿಂತಿದ್ದ ಅವಳು ನೀರು ಚಿಮ್ಮುವುದನ್ನು ನೋಡಲಾರದೆ ಮುಖ ತಿರುಗಿಸಿದಳು. ಅಷ್ಟರಲ್ಲಿ ಅವಳ ಐಡಿ ಕಾರ್ಡನ್ನು ಡೈರೆಕ್ಟರ್ ವಾಪಸು ಪಡೆದಾಗಿತ್ತು.

ಗೇಟಿನ ಹೊರಗೆ ಪಾರ್ಕಿಂಗಿನ ಕಟ್ಟೆಯ ಮೇಲೆ ಅವಳು ಟೂಲ್ ಬ್ಯಾಗ್ ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಆ ಕೋಲು. ಒದ್ದೆ ತಲೆ, ಕುತ್ತಿಗೆಯಿಂದ ಜೋಲುಪಟ್ಟಿಯಲ್ಲಿ ಇಳಿಬಿಟ್ಟ ಬಲಗೈ, ಹೀಗೆ ಬಂದು ಅವನು ಎದುರಿಗೆ ನಿಂತ.

"ಸಿಟ್ಟಿದೆಯಾ?" ಎಂದಳು.

"ತುಂಬಾ ಇದೆ." ಅವನ ಕಣ್ಣು ಕೆಂಪಾಗಿತ್ತು. "ನಾಲ್ಕು ತಿಂಗಳು ದಿನಾ ಕೋಲನ್ನ ಮಾತಾಡಿಸಿದೀಯ. ನನ್ನ ಒಂದು ದಿನಾನೂ ಮಾತಾಡಿಸ್ಲಿಲ್ಲ."

"ಕೋಲು ನಿನ್ನ ಥರ ತಿರುಗಿ ಮಾತಾಡಲ್ಲ, ಅದಕ್ಕೆ," ಎಂದಳು. ನಗಲು ಹೋಗಿ ಅಳು ಬಂತು. "ನಿನ್ನ ಆಟ ನಾನೇ ಮುಗಿಸ್ಬಿಟ್ಟೆ ಕಣೋ."

"ಭುಜ ಮುಗಿಸ್ತು. ನೀನು ನಿಜ ಹೇಳ್ದೆ." ಅವನು ಕಟ್ಟೆಯ ಮೇಲೆ ಕೂತ. "ಸುಮ್ಮನಿದ್ದಿದ್ರೆ ನಾನು ಫೈನಲ್‌ಗೆ ಹೋಗಿರ್ತಿದ್ದೆ. ನೀನು ಆ ಕೋಲು ಇಟ್ಕೊಂಡಿದ್ದ ವಿಷಯ ಮಾತ್ರ ನಂಗೆ ಯಾವತ್ತೂ ಗೊತ್ತಾಗ್ತಿರ್ಲಿಲ್ಲ."

ಈಗ ಅವನು ಸ್ಪರ್ಧಿಯಲ್ಲ, ಅವಳು ಕೆಲಸದವಳಲ್ಲ. ನಡುವೆ ಬೇಲಿಯೂ ಇರಲಿಲ್ಲ, ಮಾಸ್ಕೂ ಇರಲಿಲ್ಲ. ಅವಳು ಕೋಲನ್ನು ಅವನತ್ತ ಚಾಚಿದಳು.

"ತಗೋ. ನಿಂದೇ."

ಅವನು ಅದನ್ನು ತಿರುಗಿಸಿ ನೋಡಿದ. ನೀಲಿ ಟೇಪು ಅವಳ ಬೆರಳು ತಾಗುವ ಜಾಗದಲ್ಲಿ ಸವೆದು ಬೆಳ್ಳಗಾಗಿತ್ತು.

"ಇದು ಇನ್ನು ಲೆಕ್ಕಕ್ಕಿಲ್ಲ," ಎಂದ. "ಈಗ ಒಂದೇ ಕೈ ಏಳೋದು. ಅರ್ಧ ಅಳತೆ. ಸಾಕಾ?"

ಎಡಗೈ ಪಕ್ಕಕ್ಕೆ ಚಾಚಿ, ಉತ್ತರಕ್ಕೆ ಕಾದ.

ಅವಳು ಟೂಲ್ ಬ್ಯಾಗನ್ನು ಕೆಳಗಿಟ್ಟು, ಹತ್ತಿರ ಸರಿದು, ಆ ತೋಳಿನ ಕೆಳಗೆ ಕೂತಳು.

"ಸಾಕು," ಎಂದಳು.