ಎಪ್ಪತ್ತೆಂಟನೇ ಕಾರ್ಡು

“ಇವತ್ತು ಕಾರ್ಡು ನಾನು ಕಲಸ್ತೀನಿ,” ಅಂದ ಪೆನ್ಸಿಲ್. ನಾನಿನ್ನೂ ಕುರ್ಚಿ ಎಳೆದು ಕೂತಿರಲೂ ಇಲ್ಲ.

ನಲವತ್ತು ವಾರಗಳಿಂದ ಕಲಸುವವಳು ನಾನು, ತೆಗೆಯುವವನು ಅವನು. ಅದು ನಮ್ಮ ಕರಾರು.

“ಯಾಕೆ? ನನ್ನ ಕೈಗೇನಾಗಿದೆ?”

“ಏನಿಲ್ಲ. ಕೊನೇ ಕಂತು ಅಲ್ವಾ ರೈಟರಮ್ಮ, ಒಂದ್ಸಲ ನನಗೂ ಕೊಡಿ,” ಅನ್ನುತ್ತ ಕಟ್ಟನ್ನು ತನ್ನ ಕಡೆ ಎಳೆದುಕೊಂಡೇ ಬಿಟ್ಟ.

ಉದ್ದಕ್ಕೆ, ಸಣ್ಣಗೆ ಇದ್ದಾನೆ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ ಇರುತ್ತದೆ. ಅದಕ್ಕೇ ಆಫೀಸಿನಲ್ಲಿ ಎಲ್ಲರಿಗೂ ಅವನು ಪೆನ್ಸಿಲ್. ನಮ್ಮ ವಾರಪತ್ರಿಕೆಗೆ ಚಿತ್ರ ಬರೆಯುತ್ತಾನೆ. ನಾನು ಧಾರಾವಾಹಿ ಬರೆಯುತ್ತೇನೆ. ಗಡಿಯಾರ ರಿಪೇರಿ ಮಾಡುವವನೊಬ್ಬ, ಅವನ ಎದುರಂಗಡಿಯಲ್ಲಿ ಬಟ್ಟೆ ಹೊಲಿಯುವವಳೊಬ್ಬಳು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಆಸೆ, ಇಬ್ಬರ ಬಾಯಿಗೂ ಬೀಗ. ಕಥೆ ಇಷ್ಟೇ.

ಇಷ್ಟೇ ಕಥೆಯನ್ನು ನಲವತ್ತು ವಾರ ಎಳೆದದ್ದು ಭವಿಷ್ಯ ಹೇಳುವ ಟ್ಯಾರೋ ಕಾರ್ಡುಗಳಿಂದ. ಚಿತ್ರ ಚೆನ್ನಾಗಿದೆ ಅಂತ ಪೆನ್ಸಿಲ್ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡು ತಂದ ಎಪ್ಪತ್ತೆಂಟು ಕಾರ್ಡಿನ ಕಟ್ಟು ಅದು. ಭವಿಷ್ಯ ನಂಬುವ ಪೈಕಿ ನಾವಿಬ್ಬರೂ ಅಲ್ಲ. ಆದರೂ ಪ್ರತಿ ಶುಕ್ರವಾರ ಹನ್ನೊಂದಕ್ಕೆ ಈ ಹಿಂದಿನ ಕೋಣೆಯಲ್ಲಿ ಮೂರು ಕಾರ್ಡು ತೆಗೆಯುತ್ತಿದ್ದೆವು. ಎಡಗಡೆಯದು ಅವಳಿಗೆ, ಬಲಗಡೆಯದು ಅವನಿಗೆ, ಮಧ್ಯದ್ದು ಇಬ್ಬರ ನಡುವೆ ಏನಿದೆಯೋ ಅದಕ್ಕೆ. ಬಂದದ್ದನ್ನು ಬರೆಯಲೇಬೇಕು, ಇನ್ನೊಂದು ಸಲ ತೆಗೆಯುವಂತಿಲ್ಲ. ಸಿಡಿಲು ಬಡಿದ ಗೋಪುರ ಬಂದ ವಾರ ಗಡಿಯಾರದಂಗಡಿಯ ಚಾವಣಿ ಕುಸಿಯಿತು. ಲಾಂದ್ರ ಹಿಡಿದ ಮುದುಕ ಬಂದ ವಾರ ಅವನ ತಾತ ಬಂದು ತಿಂಗಳುಗಟ್ಟಲೆ ಠಿಕಾಣಿ ಹೂಡಿದರು.

ಪ್ರೇಮಿಗಳ ಕಾರ್ಡು ಮಾತ್ರ ಒಂದು ಸಲವೂ ಬರಲಿಲ್ಲ. ಓದುಗರು ಪತ್ರದ ಮೇಲೆ ಪತ್ರ ಬರೆದರು, ಸಂಪಾದಕಿ ಮೇಡಂ ಹಣೆ ಚಚ್ಚಿಕೊಂಡರು. “ಅದೆಂಥಾ ದರಿದ್ರ ಕಾರ್ಡ್ರೀ ನಿಮ್ದು!”

ಬರುವುದಾದರೂ ಹೇಗೆ? ಅದು ನನ್ನ ಕನ್ನಡಕದ ಬಾಕ್ಸಿನಲ್ಲಿತ್ತು.

ಆರನೇ ವಾರ ನಾನು ಕಲಸುವಾಗ ಅದು ಜಾರಿ ಮೇಜಿನ ಮೇಲೆ ಅಂಗಾತ ಬಿತ್ತು. ಪೆನ್ಸಿಲ್ ಕಿಟಕಿಯ ಹತ್ತಿರ ನಿಂತು ಸೀಸ ಹೆರೆಯುತ್ತಿದ್ದ. ಈ ಕಾರ್ಡು ಮಧ್ಯಕ್ಕೆ ಬಂದರೆ ಅವರಿಬ್ಬರೂ ಒಂದಾಗುತ್ತಾರೆ, ಕಥೆ ಮುಗಿಯುತ್ತದೆ, ಶುಕ್ರವಾರ ಬರೀ ಶುಕ್ರವಾರ ಆಗುತ್ತದೆ ಅಂತ ನನಗನ್ನಿಸಿತು. ಕೈ ತಾನಾಗೇ ಹೋಗಿ ಅದನ್ನು ಬಾಕ್ಸಿಗೆ ತುರುಕಿತು. ಎರಡು ವಾರ ಬಿಟ್ಟು ವಾಪಸ್ ಇಟ್ಟರಾಯಿತು ಅಂದುಕೊಂಡೆ. ಮೂವತ್ತನಾಲ್ಕು ವಾರ ಕಳೆದವು. ಅಷ್ಟೂ ದಿನ ಕನ್ನಡಕ ಬ್ಯಾಗಿನಲ್ಲಿ ಬೀಗದಕೈ, ಚಿಲ್ಲರೆಗಳ ಜೊತೆ ಉಜ್ಜಾಡಿ ಗೀರು ಬಿದ್ದು ಹಾಳಾಯಿತು.

“ಬಾಕ್ಸ್ ಇಟ್ಕೊಂಡು ಓಡಾಡ್ತೀರಿ, ಕನ್ನಡಕ ಯಾಕ್ರೀ ಅದರಲ್ಲಿ ಇಡಲ್ಲ?” ಅಂತ ಪೆನ್ಸಿಲ್ ವಾರಕ್ಕೊಂದು ಸಲ ಬೈಯುತ್ತಿದ್ದ. ಬೈದು, ತನ್ನ ಅಂಗಿಯ ಅಂಚಿನಲ್ಲಿ ಅದನ್ನು ಒರೆಸಿ ಕೊಡುತ್ತಿದ್ದ. ಒರೆಸುವಾಗ ಒಮ್ಮೆ ಕಿಟಕಿಯ ಬೆಳಕಿಗೆ ಹಿಡಿದು ಅದರೊಳಗಿನಿಂದ ನನ್ನನ್ನೇ ನೋಡುತ್ತಿದ್ದ. ಆ ನೋಟಕ್ಕಾಗಿ ಇನ್ನೂ ನಾಲ್ಕು ಗೀರು ಬಿದ್ದರೂ ಪರವಾಗಿಲ್ಲ ಅನ್ನಿಸುತ್ತಿತ್ತು.

ನಿನ್ನೆ ಸಂಜೆ ಅಕ್ಕ ಫೋನ್ ಮಾಡಿದ್ದಳು. “ಅವಳು ಅವನಿಗೆ ಬಾಯಿಬಿಟ್ಟು ಹೇಳೋದು ಯಾವಾಗ್ಲೇ?”

“ಅಕ್ಕಾ, ಅದು ಕಥೆ.”

“ನಾನೂ ಕಥೆನೇ ಕೇಳ್ತಿರೋದು. ನೀನ್ಯಾಕೆ ತಡವರಿಸ್ತಿದೀಯ?”

ತಡವರಿಸದೆ ಏನು ಮಾಡಲಿ? ಪೆನ್ಸಿಲ್‌ಗೆ ದೂರದ ಊರಿನ ಕಾರ್ಟೂನ್ ಸ್ಟುಡಿಯೋದಿಂದ ಕೆಲಸದ ಪತ್ರ ಬಂದಿತ್ತು. ಇವತ್ತು ಸಂಜೆ ಐದರೊಳಗೆ ಉತ್ತರ ಕೊಡಬೇಕು. “ಏನಂತ ಬರೀತೀರಿ?” ಅಂತ ಹೋದ ಶುಕ್ರವಾರ ಕೇಳಿದ್ದೆ. “ಕೊನೇ ಕಂತಿನಲ್ಲಿ ಆ ಇಬ್ಬರದ್ದು ಏನಾಗುತ್ತೋ ನೋಡಿ ಹೇಳ್ತೀನಿ,” ಅಂದಿದ್ದ. ನಕ್ಕಿದ್ದ, ಆದರೆ ಕಣ್ಣು ನಕ್ಕಿರಲಿಲ್ಲ.

ಅದಕ್ಕೇ ಇವತ್ತು ಕಲಸುವಾಗ ಪ್ರೇಮಿಗಳನ್ನು ಕಟ್ಟಿಗೆ ಸೇರಿಸಿಬಿಡಬೇಕು ಅಂತ ರಾತ್ರಿಯೆಲ್ಲ ಯೋಚಿಸಿ ಬಂದಿದ್ದೆ. ಬಂದರೆ ಕಟ್ಟು ಅವನ ಕೈಯಲ್ಲಿ.

“ಮೊದಲು ಟೀ ಕುಡಿಯೋಣ್ವಾ? ನೀವೇ ಹೋಗಿ ತಂದುಬಿಡಿ.”

“ತಂದಾಯ್ತಲ್ಲ,” ಅಂತ ಮೇಜಿನ ಮೂಲೆ ತೋರಿಸಿದ. ಎರಡು ಲೋಟ ಹೊಗೆಯಾಡುತ್ತಿದ್ದವು. ಹಾಳಾದವನು ಯಾವತ್ತೂ ಇಲ್ಲದೆ ಇವತ್ತೇ ತಂದಿದ್ದ!

ಮೇಜಿನ ಕೆಳಗೆ ಮೆಲ್ಲಗೆ ಬಾಕ್ಸ್ ತೆರೆದೆ. ಟಕ್ ಅಂದಿತು.

“ಅಬ್ಬಾ, ಕೊನೆಗೂ ಕನ್ನಡಕಕ್ಕೆ ಮನೆ ಸಿಗುತ್ತಾ?” ಅಂದ.

ಮುಚ್ಚಿದೆ.

ಅವನಿಗೆ ಕಲಸಲು ಬರುತ್ತಲೇ ಇರಲಿಲ್ಲ. ಮೇಲಿನ ಕಾರ್ಡುಗಳನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ಕೆಳಗಿನವನ್ನಷ್ಟೇ ಎಳೆದಾಡುತ್ತಿದ್ದ. ಬೇರೆ ದಿನವಾಗಿದ್ದರೆ ಕಿಚಾಯಿಸುತ್ತಿದ್ದೆ. ಇವತ್ತು ಬಾಕ್ಸನ್ನು ತೊಡೆಯ ಮೇಲೆ ಅದುಮಿ ಹಿಡಿದು ಕೂತೆ.

ಎಡಗಡೆ ಮೊದಲ ಕಾರ್ಡು ಬಿತ್ತು. ಸುತ್ತಲೂ ಕತ್ತಿಗಳು, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ನಿಂತ ಹೆಂಗಸು.

“ಪಾಪ, ಹೆದರಿದಾಳೆ,” ಅಂದ, ನನ್ನನ್ನು ನೋಡದೆ.

ಬಲಗಡೆ, ಗಂಟು ಹೊತ್ತು ಬಂಡೆಯ ತುದಿಗೆ ಬಂದು ನಿಂತ ಹುಂಬ.

“ನಮ್ಮವನು ಹೊರಟೇ ಬಿಟ್ಟ ನೋಡಿ.”

ನನಗೆ ಅಳು ಬರುವ ಹಾಗಾಯಿತು. ಮಧ್ಯಕ್ಕೆ ಬೇರೆ ಯಾವುದು ಬಂದರೇನು, ಬರಬೇಕಾದ್ದು ನನ್ನ ತೊಡೆಯ ಮೇಲೆ ಬಾಕ್ಸಿನಲ್ಲಿ ಮುದುರಿ ಕೂತಿತ್ತು. ನನ್ನ ಕೈಯಾರೆ ಆ ಇಬ್ಬರನ್ನೂ ಅಗಲಿಸಿ, ಇವನನ್ನು ರೈಲು ಹತ್ತಿಸುತ್ತಿದ್ದೆ.

ಪೆನ್ಸಿಲ್ ಒಮ್ಮೆ ಉಸಿರೆಳೆದುಕೊಂಡು ಮೂರನೆಯದನ್ನು ಮಗುಚಿದ.

ಪ್ರೇಮಿಗಳು.

“ಸುಳ್ಳು!” ಅಂತ ಕಿರುಚಿದೆ. “ಇದು ಬರೋಕೆ ಸಾಧ್ಯವೇ ಇಲ್ಲ!”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನನ್ನು ಯಾರೂ ಕಳ್ಳಿ ಅಂತಲೂ ಅಂದಿರಲಿಲ್ಲ.

ಪೆನ್ಸಿಲ್ ನಿಧಾನಕ್ಕೆ ತಲೆ ಎತ್ತಿದ. “ಯಾಕೆ ಸಾಧ್ಯ ಇಲ್ಲ?”

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಬಾಕ್ಸನ್ನು ಮೇಜಿನ ಮೇಲಿಟ್ಟು ತೆರೆದೆ. ಮೂವತ್ತನಾಲ್ಕು ವಾರ ಬಾಗಿ ಮಲಗಿದ್ದ ಕಾರ್ಡು ನೆಟ್ಟಗಾಗಲಾರದೆ ಮೇಜಿನ ಮೇಲೆ ತೊಟ್ಟಿಲಿನ ಹಾಗೆ ತೂಗಿತು.

ಅವನು ಅದನ್ನು ನೋಡಿದ, ಬಾಕ್ಸನ್ನು ನೋಡಿದ, ಮೂಗಿನ ಮೇಲಿದ್ದ ನನ್ನ ಗೀರುಬಿದ್ದ ಕನ್ನಡಕವನ್ನು ನೋಡಿದ. ಅವನ ಕಿವಿಗಳು ಕೆಂಪಾದವು.

“ನೀವಾ? ನಾನು ಅಂಗಡಿಯವನೇ ಒಂದು ಕಮ್ಮಿ ಕೊಟ್ಟಿದ್ದಾನೆ ಅಂದ್ಕೊಂಡಿದ್ದೆ. ಮೂರು ತಿಂಗಳ ಹಿಂದೆ ಎಣಿಸಿದೆ, ಎಪ್ಪತ್ತೇಳೇ ಇತ್ತು, ಪ್ರೇಮಿಗಳೇ ಇರಲಿಲ್ಲ.”

“ಹಾಗಾದ್ರೆ ಇದು?”

“ಸರಿಯಾಗಿ ನೋಡಿ.”

ಮಧ್ಯದ ಕಾರ್ಡನ್ನು ಕೈಗೆತ್ತಿಕೊಂಡೆ. ಬಣ್ಣ ಹೊಸದು, ಗೆರೆ ಅವನದು. ಅದರಲ್ಲಿ ನಿಂತವಳು ದಪ್ಪ ಕನ್ನಡಕ ಹಾಕಿ, ಮುಡಿಗೆ ಪೆನ್ನು ಸಿಕ್ಕಿಸಿಕೊಂಡಿದ್ದಳು. ಪಕ್ಕದಲ್ಲಿದ್ದವನ ಕಿವಿಗಳು ಅಗಲವಾಗಿದ್ದವು, ಒಂದರ ಮೇಲೆ ಪೆನ್ಸಿಲ್ಲು. ಕನ್ನಡಕದ ಗೀರನ್ನೂ ಅವನು ಬಿಟ್ಟಿರಲಿಲ್ಲ.

“ಬರೆದು ಮೂರು ವಾರ ಆಯ್ತು,” ಅಂದ. “ಪ್ರತಿ ಶುಕ್ರವಾರ ಜೇಬಲ್ಲಿ ತರ್ತಿದ್ದೆ, ಧೈರ್ಯ ಬರ್ತಿರಲಿಲ್ಲ. ಇವತ್ತು ಮೇಲಿಂದ ಮೂರನೆಯದಾಗಿ ಇಟ್ಟೆ. ಮೋಸವೇ. ಒಪ್ಕೋತೀನಿ.”

“ನಾನೇನು ಸಾಚಾನಾ?”

ಇಬ್ಬರಿಗೂ ನಗು ಬಂತು. ಮೇಜಿನ ಮೇಲಿದ್ದ ಅವನ ಚಿತ್ರದ ಪುಸ್ತಕದ ನಡುವೆ ಸ್ಟುಡಿಯೋದ ಪತ್ರದ ತುದಿ ಇಣುಕುತ್ತಿತ್ತು.

“ನೀವು ಹೋಗಬೇಡ ಅಂದ್ರೆ ಹೋಗಲ್ಲ,” ಅಂದ.

ನನಗೆ ಗೊತ್ತಿತ್ತು. ಅವನು ತೋರಿಸಿದ್ದ ಆ ಸ್ಟುಡಿಯೋದ ಚಿತ್ರಗಳೂ ಗೊತ್ತಿದ್ದವು, ಅವನ್ನು ತೋರಿಸುವಾಗ ಅವನ ಮುಖ ಹೇಗಾಗಿತ್ತು ಅನ್ನುವುದೂ ಗೊತ್ತಿತ್ತು. ಇನ್ನೊಂದು ಸಲ ಬಾಕ್ಸಿನಲ್ಲಿ ಬಚ್ಚಿಡುವುದು ನನ್ನಿಂದಾಗದು ಅನ್ನಿಸಿತು.

“ಹೋಗಬೇಡಿ ಅನ್ನಲ್ಲ,” ಅಂದೆ. “ಒಬ್ಬರೇ ಹೋಗಬೇಡಿ. ನಾನು ಎಲ್ಲಿ ಕೂತು ಬೇಕಾದ್ರೂ ಬರೀಬಲ್ಲೆ.”

ಅವನು ಬಾಗಿ, ಎರಡೂ ಕೈಯಿಂದ ನನ್ನ ಕನ್ನಡಕ ತೆಗೆದ. ಅಂಗಿಯ ಅಂಚಿನಲ್ಲಿ ಒರೆಸಿದ. ಕಿಟಕಿಯ ಬೆಳಕಿಗೆ ಹಿಡಿಯಲಿಲ್ಲ, ಈ ಸಲ ಏನೂ ಅಡ್ಡವಿಲ್ಲದೆ ನೋಡಿದ. ಮಂಜು ಮಂಜಾಗಿ ಕಂಡರೂ ಅವನ ಕಣ್ಣು ತುಂಬಿರುವುದು ನನಗೆ ತಿಳಿಯಿತು.

“ಕೊನೇ ಕಂತು ಬರೀ,” ಅಂದ. ನಲವತ್ತು ವಾರದಲ್ಲಿ ಮೊದಲ ಸಲ ಏಕವಚನ. “ಐದಕ್ಕೆ ಮುಂಚೆ. ನಾನೂ ಒಂದು ಪತ್ರ ಬರೀಬೇಕು. ಅಲ್ಲಿ ಇಬ್ಬರಿಗೆ ಮನೆ ಸಿಗುತ್ತಾ ಅಂತ ಕೇಳಬೇಕು.”

“ಕನ್ನಡಕ ಕೊಡು ಮತ್ತೆ. ಕಾಣಲ್ಲ ನನಗೆ.”

“ಇರು, ಒಂದು ನಿಮಿಷ,” ಅಂದವನೇ ಅದನ್ನು ಮಡಚಿ, ಖಾಲಿಯಾಗಿದ್ದ ಬಾಕ್ಸಿನಲ್ಲಿಟ್ಟು, ಟಕ್ ಅಂತ ಮುಚ್ಚಿದ.