ಐದನೇ ಗೇರಿನಲ್ಲಿ ನಿಂತ ಕಾರು

ಮಧ್ಯಾಹ್ನ ಎರಡಕ್ಕೆ ಲಾಂಡ್ರಿ ಕೆಲಸ ಮುಗಿಸಿ ಬಂದ ಹೆಂಡತಿ ಮೊದಲು ಕಂಡದ್ದು ಗಂಡನ ಪಾದಗಳನ್ನು. ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ಪಾದಗಳು ಕಾರಿನ ಅಡಿಯಿಂದ ಹೊರಚಾಚಿದ್ದವು.

"ರೀ, ಊಟಕ್ಕೆ ಬನ್ನಿ."

ಪಾದಗಳು ಅಲುಗಲಿಲ್ಲ.

ಇನ್ಸ್‌ಪೆಕ್ಟರ್ ಬರುವಷ್ಟರಲ್ಲಿ ಅಕ್ಕಪಕ್ಕದವರು ಕಾರು ಎತ್ತಿ ದೇಹ ಹೊರಗೆಳೆದಿದ್ದರು. ಸತ್ತವನು ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದ ಆರಡಿ ಆಳು. ಅಂದು ರಜೆ. ಕಾರಿನ ಎಂಜಿನ್ ಬೆಲ್ಟನ್ನು ತಿರುಗಿಸುವ ಕ್ರ್ಯಾಂಕ್ ಪುಲ್ಲಿಯ ರಬ್ಬರು ಸವೆದು, ಅದು ಓಲಾಡಿ, ಬೆಲ್ಟನ್ನು ತಿನ್ನುತ್ತಿತ್ತಂತೆ. ಹೊಸದು ತಂದು ತಾನೇ ಹಾಕಲು ಕೂತಿದ್ದ.

"ಜಾಕ್ ಕೈಕೊಟ್ಟಿದೆ ಮೇಡಂ," ಎಂದ ಪೇದೆ.

ಇನ್ಸ್‌ಪೆಕ್ಟರ್ ಕಪ್ಪು ನೆಲದ ಮೇಲೆ ಮಂಡಿಯೂರಿದರು. ಆಕೆಯ ತಂದೆ ಮೆಕ್ಯಾನಿಕ್. ಗ್ರೀಸಿನ ವಾಸನೆ ಆಕೆಗೆ ಹೊಸದಲ್ಲ.

ಕಾರನ್ನು ಕೆಳಗಿಳಿಸಲು ಸಡಿಲಿಸುವ ಜಾಕಿನ ಎಣ್ಣೆ ತಿರುಪು ಪೂರ್ತಿ ಸಡಿಲವಾಗಿತ್ತು.

"ಇದನ್ನ ಯಾರಾದ್ರೂ ಮುಟ್ಟಿದ್ರಾ?"

"ಇಲ್ಲ. ನಾವು ಕೈಯಲ್ಲೇ ಎತ್ತಿದ್ವಿ," ಎಂದರು ನೆರೆಯವರು.

ಆಕೆ ತಿರುಪು ಬಿಗಿದು ಕಾರನ್ನು ಎತ್ತಿ ನಿಲ್ಲಿಸಿದರು. ಅರ್ಧ ಗಂಟೆಯಾದರೂ ಅದು ಕೂದಲೆಳೆಯಷ್ಟೂ ಇಳಿಯಲಿಲ್ಲ. ಜಾಕ್ ಕೆಟ್ಟಿರಲಿಲ್ಲ. ಕಾರಿಗೆ ಆಸರೆ ಕೊಡುವ ಕಬ್ಬಿಣದ ಸ್ಟ್ಯಾಂಡು ಗೋಡೆಯ ಪಕ್ಕದಲ್ಲಿತ್ತು. ಅದರ ತಲೆಗೆ ಕಾರಿನ ಅಡಿಯ ಕಪ್ಪು ಬಣ್ಣ ಹೊಸದಾಗಿ ಅಂಟಿತ್ತು. ಬೆಳಿಗ್ಗೆ ಅದು ಕಾರಿನ ಕೆಳಗೇ ಇತ್ತು. ಆಮೇಲೆ ಯಾರೋ ತೆಗೆದಿದ್ದರು.

ಶವದ ಅಂಗಿ ಜೇಬಿನಲ್ಲಿ ಬಟ್ಟೆಯ ಪುಟ್ಟ ಗಂಟು ಸಿಕ್ಕಿತು. ಬಿಚ್ಚಿದರೆ ಒಳಗೊಂದು ಕೆಂಪು ಪ್ಲಾಸ್ಟಿಕ್ ಚೂರು.

* * *

ಮೊದಲ ಅನುಮಾನ ಬಿದ್ದದ್ದು ಪಕ್ಕದ ಮನೆಯ ನಿವೃತ್ತ ಗುಮಾಸ್ತರ ಮೇಲೆ. ಸುತ್ತಿಗೆ ಸದ್ದಿಗೆ ರೇಗಿ, "ಒಂದಿನ ನಿನ್ನ ಗತಿ ಕಾಣಿಸ್ತೀನಿ" ಎಂದು ಅವರು ಕೂಗಾಡಿದ್ದನ್ನು ಬೀದಿಯೆಲ್ಲ ಕೇಳಿತ್ತು.

"ಬಾಯಿ ಮಾತಿಗೆ ಹೇಳ್ದೆ ತಾಯಿ," ಎಂದರು ಅವರು. "ಇವತ್ತೂ ಕಿಟಕಿ ಮುಚ್ಚೋಕೆ ಹೋದೆ. 'ಒತ್ತು, ಇನ್ನೂ ಒತ್ತು' ಅಂತಿದ್ದ. ಕಬ್ಬಿಣದ ಜೊತೆಗೂ ಮಾತಾಡ್ತಾನೆ ಅಂದ್ಕೊಂಡೆ."

"ಎಷ್ಟು ಹೊತ್ತಿಗೆ?"

"ಹತ್ತೂವರೆ ಇರಬೇಕು."

ಆಕೆ ಶೆಡ್ಡಿಗೆ ಹಿಂತಿರುಗಿ ಕಾರಿನ ಬಾಗಿಲು ತೆರೆದರು. ಗೇರು ಐದನೆಯದರಲ್ಲಿತ್ತು. ಚಾಲಕನ ಸೀಟು ಪೂರ್ತಿ ಮುಂದಕ್ಕಿತ್ತು. ಸತ್ತವನು ಅಲ್ಲಿ ಕೂತರೆ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಗುಮಾಸ್ತರ ಹೊಟ್ಟೆಗಂತೂ ಅಲ್ಲಿ ಜಾಗವೇ ಇರಲಿಲ್ಲ.

ಹೆಂಡತಿ ಕುಳ್ಳಿ. ಆದರೆ ಒಂದೂವರೆಯವರೆಗೆ ಆಕೆ ಲಾಂಡ್ರಿಯಲ್ಲೇ ಇದ್ದದ್ದಕ್ಕೆ ಹತ್ತು ಜನ ಸಾಕ್ಷಿ.

"ನಿಮ್ಮ ಯಜಮಾನರಿಗೆ ಕೆಲಸದಲ್ಲಿ ಯಾರು ಸಹಾಯ ಮಾಡ್ತಿದ್ರು?"

"ನನ್ನ ಮೈದುನ. ಮಹಡೀಲೇ ಇರೋದು. ಇವತ್ತು ಎಂಟಕ್ಕೇ ಅಂಗಡಿಗೆ ಹೋದೆ ಅಂತ ಹೇಳ್ದ."

"ಕಾರು ಅವರೂ ಓಡಿಸ್ತಾರಾ?"

"ಇವರಿಗೆ ಸಂಜೆ ಪಾಳಿ ಇದ್ದಾಗ ಅವನೇ ಒಯ್ಯೋದು."

ಇನ್ಸ್‌ಪೆಕ್ಟರ್ ಠಾಣೆಗೆ ಹೋದರು. ಹಿತ್ತಲಿನಲ್ಲಿ ಒಂದು ತಿಂಗಳಿಂದ ನಜ್ಜುಗುಜ್ಜಾದ ಸೈಕಲ್ ಬಿದ್ದಿತ್ತು. ಸೇತುವೆಯ ಬಳಿ, ಮುಸ್ಸಂಜೆಯಲ್ಲಿ, ಡ್ಯೂಟಿಗೆ ಹೊರಟಿದ್ದ ನರ್ಸಿಗೆ ಯಾರೋ ಗುದ್ದಿ ನಿಲ್ಲಿಸದೆ ಹೋಗಿದ್ದರು. ಅವಳು ಆಸ್ಪತ್ರೆ ಸೇರಿದ್ದು ಹೆಣವಾಗಿ. ಸೈಕಲ್ಲಿನ ಹಿಂದಿನ ಕೆಂಪು ರಿಫ್ಲೆಕ್ಟರ್ ಒಡೆದಿತ್ತು. ಜೇಬಿನ ಚೂರನ್ನು ಇಟ್ಟರು. ಸರಿಯಾಗಿ ಕೂತಿತು.

* * *

ಸತ್ತವನ ತಮ್ಮನನ್ನು ಠಾಣೆಗೆ ಕರೆಸಿದರು. ಅವನು ಟೈಲರ್. ಕುಳ್ಳ, ಸಣಕಲು ಆಳು. ಅತ್ತು ಅತ್ತು ಅವನ ಕಣ್ಣು ಊದಿತ್ತು. ಆ ಅಳು ಸುಳ್ಳಲ್ಲ ಎನ್ನುವುದೇ ಇನ್ಸ್‌ಪೆಕ್ಟರ್‌ಗೆ ಭಾರವೆನಿಸಿತು.

"ಪುಲ್ಲಿಯ ಬೋಲ್ಟ್ ತಿರುಗಿಸಿದ್ರೆ ಎಂಜಿನ್ನೇ ತಿರುಗುತ್ತೆ," ಎಂದರು ಆಕೆ. "ಅದಕ್ಕೇ ಐದನೇ ಗೇರ್ ಹಾಕಿ, ಒಬ್ಬರು ಬ್ರೇಕ್ ಒತ್ತಿ ಕೂರಬೇಕು. ಚಿಕ್ಕವಳಿದ್ದಾಗ ನಮ್ಮಪ್ಪನಿಗೆ ನಾನೇ ಒತ್ತುತ್ತಿದ್ದೆ. ಇವತ್ತು ಹತ್ತೂವರೆಗೆ ನಿಮ್ಮಣ್ಣ 'ಒತ್ತು' ಅಂದದ್ದು ಕಬ್ಬಿಣಕ್ಕಲ್ಲ."

ಅವನು ಕೊರಳಿನ ಅಳತೆ ಟೇಪನ್ನು ಬೆರಳಿಗೆ ಸುತ್ತಿಕೊಂಡ.

"ಸೀಟು ನಿಮ್ಮ ಅಳತೆಗಿದೆ. ಅಂಗಡಿ ಬಾಗಿಲು ತೆರೆದಿದ್ದು ಹನ್ನೆರಡಕ್ಕೆ ಅಂತ ಎದುರಿನ ಕ್ಷೌರದವನು ಹೇಳಿದ್ದಾನೆ. ಸ್ಟ್ಯಾಂಡ್ ತೆಗೆದೋರು ನೀವು. ತಿರುಪು ಬಿಟ್ಟೋರೂ ನೀವು. ಆ ಕೆಂಪು ಚೂರು ಎಲ್ಲಿ ಸಿಕ್ತು?"

"ಎಂಜಿನ್ ಕೆಳಗಿನ ಕವರಿನ ಸಂದೀಲಿ," ಎಂದ. "ಅಣ್ಣ ಕವರ್ ಬಿಚ್ಚಿದಾಗ ಉದುರ್ತು. ಇದೇನೋ ಅಂದ. ಆ ಸಂಜೆ ಸೇತುವೆ ಹತ್ರ ಆದದ್ದೆಲ್ಲಾ ಹೇಳಿಬಿಟ್ಟೆ."

"ಹೊಡೆದ್ರಾ?"

"ಇಲ್ಲ. ಚೂರನ್ನ ಬಟ್ಟೇಲಿ ಗಂಟು ಕಟ್ಟಿ ಜೇಬಿಗೆ ಹಾಕ್ಕೊಂಡ. ಆಮೇಲೆ, 'ಕೆಲಸ ಮುಗಿಸೋಣ, ಇದೇ ಕಾರಲ್ಲಿ ಇಬ್ಬರೂ ಸ್ಟೇಷನ್ನಿಗೆ ಹೋಗೋಣ, ನಾನು ನಿನ್ನ ಜೊತೆಗಿರ್ತೀನಿ' ಅಂದ. ಬ್ರೇಕ್ ಒತ್ತು ಅಂದ. ಒತ್ತಿದೆ. ಹಳೇದು ಬಿಚ್ಚಿದ, ಹೊಸದು ಬಿಗಿದ. ಅವನು ಒಂದೊಂದೇ ಬಿಗೀತಿದ್ರೆ ನನಗೆ ಜೈಲೇ ಹತ್ತಿರ ಬಂದಂಗಾಗ್ತಿತ್ತು ಮೇಡಂ."

"ಆಮೇಲೆ?"

"ಕವರ್ ಹಾಕೋಕೆ ಕೆಳಗೆ ಹೋದ. ಸ್ಟ್ಯಾಂಡ್ ಅಡ್ಡ ಬರುತ್ತೆ, ತೆಗೀಲಾ ಅಂದೆ. ಬೇರೆ ಯಾರೇ ಕೇಳಿದ್ರೂ ಬೈತಿದ್ದ. 'ಸರಿ, ಒಂದೇ ನಿಮಿಷ' ಅಂದ."

ಪೇದೆಯ ಪೆನ್ನು ಸರಸರ ಓಡುತ್ತಿತ್ತು. ಹೊರಗೆ ಬೆಂಚಿನ ಮೇಲೆ ಅತ್ತಿಗೆ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದಳು.

"ತಿರುಪು ಬಿಟ್ಟಾಗ ನಿಮ್ಮಣ್ಣನಿಗೆ ಗೊತ್ತಾಯ್ತಾ?"

ತಮ್ಮ ತಲೆಯಾಡಿಸಿದ.

"ಇಲ್ಲ. ಜಾಕ್ ತಾನೇ ಹೋಯ್ತು ಅಂದ್ಕೊಂಡ. 'ತಮ್ಮಾ, ನೀನು ದೂರ ಸರಿ, ಕಾಲ್ ಮೇಲೆ ಬೀಳುತ್ತೆ' ಅಂದ. ಅಷ್ಟೇ."

ಪೇದೆಯ ಪೆನ್ನು ನಿಂತುಹೋಗಿತ್ತು. ಇನ್ಸ್‌ಪೆಕ್ಟರ್ ಕಿಟಕಿಯ ಕಡೆ ಮುಖ ಮಾಡಿದರು.

"ಅದನ್ನೂ ಬರಿ," ಎಂದರು.