ಗಾಡಿದೇವಿಯ ಕೂಗು

ಕೀಂಯ್ಯ್ಯ್...!

ಥಾಯ್ಲೆಂಡಿನ ಮೇ ಹೊಂಗ್ ಸೊನ್ ಘಟ್ಟದ ಇಳಿಜಾರಿನಲ್ಲಿ ಬ್ರೇಕ್ ಒತ್ತಿದ ಕನ್ನಿಕಾಳ ಎದೆ ಝಲ್ಲೆಂದಿತು. ತಿರುವಿನಲ್ಲಿ ಸ್ಟೀರಿಂಗ್ ಎಳೆದರೆ ಕೆಳಗಿನಿಂದ ಟಕ್... ಟಕ್! ಹಿಂದೆ ಸಂತೆಗೆ ಹೊರಟ ಎಂಟು ಜನ. ಪಕ್ಕದಲ್ಲೇ ಪಾತಾಳ.

'ಗಾಡಿ ಕಾಯೋ ತಾಯೀ, ಮೇ ಯಾನಾಂಗ್... ಇನ್ನೂ ಕೋಪವೇ?'

ಅಪ್ಪ ತೀರಿಕೊಂಡ ಮೇಲೆ ಅವನ ಬಾಡಿಗೆ ಪಿಕಪ್ ಇವಳ ಪಾಲಿಗೆ ಬಂದಿತ್ತು. ತಿಂಗಳ ಹಿಂದೆ ಸದ್ದು ಶುರುವಾದಾಗ ಊರಿಗೆ ಊರೇ ಬುದ್ಧಿ ಹೇಳಿತು: ಗಾಡಿಯೊಳಗಿನ ದೇವಿ ಮುನಿದಿದ್ದಾಳೆ, ಸ್ಟೀರಿಂಗಿಗೆ ಮಲ್ಲಿಗೆ ಮಾಲೆ ಹಾಕು, ಕೆಂಪು ಶರಬತ್ತು ಇಡು. ಥೂ! ಮಾಲೆ ತಂದವರು ಹತ್ತು ಜನ, ಜಾಕ್ ತಂದವನು ಒಬ್ಬನೂ ಇಲ್ಲ!

ಊರಿಗಿದ್ದದ್ದು ದೇಚಾನ ಗ್ಯಾರೇಜೊಂದೇ. ಆ ಹೊಸ್ತಿಲು ತುಳಿಯುವುದಿಲ್ಲವೆಂದು ಮೂರು ತಿಂಗಳ ಹಿಂದೆಯೇ ಅವಳು ಆಣೆ ಹಾಕಿದ್ದಳು.

ಘಟ್ಟದ ಬುಡದಲ್ಲಿ ಅವನೇ ರಸ್ತೆಗೆ ಅಡ್ಡ ನಿಂತಿದ್ದ!

"ನಿಲ್ಸು! ಮೇಲಿನ ತಿರುವಿಂದಲೇ ಕೇಳ್ತು ಇದರ ಅರಚಾಟ. ಸಾಯ್ಬೇಕು ಅಂತಿದೀಯಾ?"

"ನಿಮಗ್ಯಾಕೆ, ಪೀ ದೇಚಾ? ವಯಸ್ಸಲ್ಲಿ ದೊಡ್ಡೋರು ಅಂತ 'ಪೀ' ಅಂತೀನಿ, ಅಷ್ಟೇ. 'ಗಾಡಿ ಮಾರಿಬಿಡು' ಅಂದೋರಲ್ವಾ? ಹೆಂಗಸರ ಕೈಲಾಗಲ್ಲ ಅಂತ ತಾನೇ!"

"ಜಗಳ ಆಮೇಲೆ ಆಡ್ರಪ್ಪಾ, ನನ್ನ ಸೊಪ್ಪು ಬಾಡುತ್ತೆ!" ಹಿಂದಿನಿಂದ ಅಜ್ಜಿಯೊಬ್ಬಳು ಕೂಗಿದಳು.

ಎಲ್ಲರನ್ನೂ ಇಳಿಸಿ, ದೇಚಾ ಗಾಡಿಯ ಪಕ್ಕದಲ್ಲೇ ನಡೆದ.

"ನಿಧಾನ ಓಡ್ಸು... ಈಗ ಬ್ರೇಕ್ ಒತ್ತು. ಬಿಡು. ಮತ್ತೆ ಒತ್ತು."

ಕೀಂಯ್ಯ್ಯ್!

"ಒತ್ತಿದಾಗ ಮಾತ್ರ ಬರ್ತಿದೆ. ಬ್ರೇಕ್ ಪ್ಯಾಡ್ ಪೂರ್ತಿ ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ತಿದೆ. ಈಗ ನಿಂತ ಕಡೆನೇ ಸ್ಟೀರಿಂಗ್ ತಿರುಗ್ಸು."

ಅವನು ಚಕ್ರದ ಹಿಂದೆ ಕೈ ತೂರಿಸಿದ. ಟಕ್!

ದೇಚಾನ ಮುಖ ಬಿಳಿಚಿಕೊಂಡಿತು.

"ಚಕ್ರನ ಹಿಡಿದಿರೋ ಬಾಲ್ ಜಾಯಿಂಟ್... ಕಳಚೋ ಹಾಗಿದೆ ಕಣೇ. ಕಳಚಿದ್ರೆ ಚಕ್ರ ಮಡಚಿಕೊಂಡು ಬಿಡುತ್ತೆ. ಇನ್ನೊಂದು ತಿರುವು ಸಾಕಿತ್ತು..."

ಎಂಟು ಜೀವ! ಕನ್ನಿಕಾ ಸೀಟಿನಿಂದ ಇಳಿದು ಆ ಚಕ್ರದ ಪಕ್ಕದಲ್ಲೇ ನೆಲದ ಮೇಲೆ ಕೂತಳು.

"ಹಾಗಾದ್ರೆ ದೇವಿ ಮುನಿದಿರಲಿಲ್ವಾ?"

"ಮುನಿದಿದ್ರೆ ಸುಮ್ಮನಿರ್ತಿದ್ಲು. ತಿಂಗಳಿಂದ ಕೂಗಿ ಕೂಗಿ ಹೇಳ್ತಿದ್ದಾಳೆ!"

"ಮತ್ತೆ... ನೀವು ಮಾರು ಅಂದಿದ್ದು?"

ಅವನು ತಲೆ ತಗ್ಗಿಸಿದ. "ನೀನು ಘಟ್ಟದಲ್ಲಿದ್ರೆ ನಂಗೆ ಗಂಟಲಲ್ಲಿ ಅನ್ನ ಇಳಿಯಲ್ಲ. ಭಯ ಅಂತ ಹೇಳೋಕೆ ನಾಚಿಕೆ ಆಯ್ತು. ಬೈದುಬಿಟ್ಟೆ."

ಅವಳ ಕಣ್ಣು ತುಂಬಿತು. ದಡ್ಡ! ಶುದ್ಧ ದಡ್ಡ!

"ರಿಪೇರಿ ಆದ ಮೇಲೂ ನಂಗೆ ಒಬ್ಬಳೇ ಓಡಿಸೋಕೆ ಭಯ ಆಗುತ್ತೆ, ಪೀ..."

"ನಾನು ಪಕ್ಕದಲ್ಲಿ ಕೂರ್ತೀನಿ."

"ಎಷ್ಟು ದಿನ?"

"ನಿನ್ನ ಭಯ ಹೋಗೋವರೆಗೂ."

ಗ್ರೀಸ್ ಮೆತ್ತಿದ ಅವನ ಕೈಯನ್ನು ಅವಳು ಎರಡೂ ಕೈಯಿಂದ ಹಿಡಿದುಕೊಂಡಳು.

"ಹಾಗಾದ್ರೆ ಭಯ ಹೋಯ್ತು ಅಂತ ನಾನು ಯಾವತ್ತೂ ಹೇಳಲ್ಲ..."